ಚುಕ್ಕಾಣಿ ಹಿಡಿದವಳ ಅಪ್ಪಣೆ

ಶಹಾಬಾದಿನ ಹತ್ತಿರ, ಕಾಗಿಣಾ ನದಿ ಭೀಮೆಯನ್ನು ಸೇರುವ ಹೊನಗುಂಟಾದಲ್ಲಿ ಕಾಶಪ್ಪ ಹಿಂದೆ ಹರಗೋಲು ನಡೆಸುತ್ತಿದ್ದ. ಅವನ ಹರಗೋಲಿಗೆ ಒಂದು ಕಟ್ಟಳೆ ಇತ್ತು. ಗೌಡರಿರಲಿ, ತಹಶೀಲ್ದಾರರಿರಲಿ, ಕಾಲಿಡುವ ಮೊದಲು “ಏರ್ಲೇನು?” ಎಂದು ಕೇಳಬೇಕು. ಅಂಬಿಗ “ಏರ್ರಿ” ಎಂದ ಮೇಲೆಯೇ ಹತ್ತಬೇಕು. ಹರಗೋಲೆಂದರೆ ದುಂಡನೆಯ ಬುಟ್ಟಿ. ಯಾರು ಎಲ್ಲಿ ಕೂತರೆ ಭಾರ ಸರಿಹೋಗುತ್ತದೆ ಎಂಬುದು ನಡೆಸುವವನಿಗೇ ಗೊತ್ತು. ಒಮ್ಮೆ ಕೇಳದೆ ಹತ್ತಿದ್ದಕ್ಕೆ ಹೆಂಡತಿ ಸಾಬಮ್ಮನ ಅಪ್ಪನನ್ನೇ ಅವನು ಕೆಳಗಿಳಿಸಿದ್ದ.

ಸೇತುವೆ ಬಂದ ಮೇಲೆ ಕಾಶಪ್ಪ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದ. ಮಗಳು ಭಾಗ್ಯಜ್ಯೋತಿ ನೌಕಾಪಡೆಗೆ ಸೇರಿದಳು.

ಈ ವರ್ಷ ಅವಳ ಗಸ್ತು ಹಡಗು ಸಿಬ್ಬಂದಿಯ ಮನೆಯವರನ್ನು ಸಮುದ್ರದಲ್ಲಿ ಒಂದು ಸುತ್ತು ಕರೆದೊಯ್ಯುವುದಿತ್ತು. ಅಂದು ಚುಕ್ಕಾಣಿ ಭಾಗ್ಯಜ್ಯೋತಿಯದು. ಗಂಡ ಹೆಂಡತಿ ವಾಡಿಯಲ್ಲಿ ರೈಲು ಹತ್ತಿ ಮುಂಬೈಗೆ ಬಂದರು. ಮಗಳು ಹಡಗು ನಡೆಸುವುದನ್ನು ಕಣ್ಣಾರೆ ನೋಡಬೇಕು. ಕಾಶಪ್ಪನಿಗೆ ಬೇಕಿದ್ದುದು ಅಷ್ಟೇ.

ಎಲ್ಲರೂ ಹಲಗೆ ದಾಟಿ ಹಡಗು ಹತ್ತಿದರು. ಕಾಶಪ್ಪ ಮಾತ್ರ ದಡದ ಧಕ್ಕೆಯ ಮೇಲೆಯೇ ನಿಂತ.

“ಯಾಕ ನಿಂತೀರಿ? ಮಂದಿ ನೋಡಲಿಕತ್ತಾರ,” ಎಂದು ಸಾಬಮ್ಮ ಮೇಲಿನಿಂದ ಕೂಗಿದಳು.

“ಅಪ್ಪಣಿ ಆಗಿಲ್ಲ.”

“ಹಲಗಿ ಹತ್ರದ ಸಾಹೇಬ್ರು ಆಗಲೇ ಕರದ್ರಲ್ಲ!”

“ಅವರೇನು ನಡಸ್ತಾರ? ನಡಸಾಕಿ ಹೇಳ್ಬೇಕು.”

“ನಡಸಾಕಿ ನಿಮ್ಮ ಮಗಳೇ ಹೌದಲ್ಲ!”

“ಮನ್ಯಾಗ ಮಗಳು. ಇಲ್ಲಿ ನಾ ದಾಟೋ ಮನಷ್ಯ.”

“ಹಂಗಾದ್ರ ಅಲ್ಲೇ ನಿಂದರ್ರಿ. ನಮ್ಮಪ್ಪನ್ನ ಇಳಿಸಿದ ಪಾಪ ಇವತ್ತ ತೀರ್ತದ!”

ನಾವಿಕರು ಹಗ್ಗ ಬಿಚ್ಚಲು ಸಜ್ಜಾದರು. ಹಲಗೆ ಎಳೆದುಕೊಂಡರೆ ಹಡಗು ಅವನನ್ನು ಬಿಟ್ಟೇ ಹೋಗುತ್ತಿತ್ತು. ಹಲಗೆಯ ಬಳಿಯಿದ್ದ ಅಧಿಕಾರಿ ಕಾರಣ ಕೇಳಿದರು. ಕಾಶಪ್ಪ ತನ್ನ ಕಡೆಯ ಹಿಂದಿಯಲ್ಲಿ ಹೇಳಿದ. ಅವರು ನಗಲಿಲ್ಲ, ಅನುಮತಿ ಕೇಳಿ ಹಡಗು ಹತ್ತುವ ರೂಢಿ ಅವರಲ್ಲೂ ಇತ್ತು. ವೈರ್‌ಲೆಸ್ಸಿನಲ್ಲಿ ಮೇಲಕ್ಕೆ ಒಂದು ಮಾತು ಹೇಳಿದರು.

ಚುಕ್ಕಾಣಿ ಕೋಣೆಯ ಬಾಗಿಲು ತೆರೆದು ಭಾಗ್ಯಜ್ಯೋತಿ ಹೊರಗೆ ಬಂದಳು.

ಕಾಶಪ್ಪ ಕತ್ತೆತ್ತಿ, ಆಚೆ ದಡಕ್ಕೆ ಕೇಳಿಸುವ ದನಿಯಲ್ಲಿ ಕೂಗಿದ: “ಏರ್ಲೇನ್ರಿ?”

ಅವಳು ಒಳಗಿದ್ದ ಹಡಗಿನ ಕ್ಯಾಪ್ಟನ್ ಕಡೆ ನೋಡಿದಳು. ಅವರು ತಲೆಯಾಡಿಸಿದರು.

“ಏರ್ರಿ! ಎಡಕ್ಕ ಕುಂದರ್ರಿ, ಬಲಕ್ಕ ಭಾರ ಭಾಳ ಆಗ್ಯಾದ!” ಎಂದು ಮಗಳು ಕೂಗಿದಳು.

ಅಷ್ಟು ದೊಡ್ಡ ಉಕ್ಕಿನ ಹಡಗು ಒಬ್ಬ ಕಾಶಪ್ಪನ ಭಾರಕ್ಕೆ ವಾಲುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಬಗ್ಗಿ ಹಡಗಿನ ಅಂಚು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹತ್ತಿದ. ನೇರವಾಗಿ ಎಡಕ್ಕೆ ಹೋಗಿ ಕೂತ. ಅಲ್ಲಿ ಬಿಸಿಲಿತ್ತು. ಚುಕ್ಕಾಣಿ ಕೋಣೆಯ ಗಾಜು, ಅದರ ಹಿಂದೆ ಮಗಳು, ಅಲ್ಲಿಂದ ಮಾತ್ರ ಕಾಣುತ್ತಿದ್ದರು.

“ಇಲ್ಲಿ ನೆರಳದ, ಬರ್ರಿ,” ಎಂದು ಸಾಬಮ್ಮ ಬಲಗಡೆಯಿಂದ ಕರೆದಳು.

“ಆಗೂದಿಲ್ಲ. ಅಂಬಿಗರು ಎಡಕ್ಕ ಅಂದಾರ.”

ಹಡಗು ಧಕ್ಕೆ ಬಿಟ್ಟಿತು. ಸುತ್ತು ಮುಗಿಸಿ ತಿರುಗಿ ಬರುವವರೆಗೂ ಕಾಶಪ್ಪ ಸಮುದ್ರ ನೋಡಲಿಲ್ಲ.