ಚೈತ್ರಾ ಅಳುವುದಿಲ್ಲ

ಕುರುಗೋಡಿನ ಆ ಓಣಿಯವರಿಗೆ ಜೂನ್ ತಿಂಗಳು ಬಂದದ್ದು ಗೊತ್ತಾಗಲು ಕ್ಯಾಲೆಂಡರ್ ಬೇಕಿರಲಿಲ್ಲ. ಅಂಗನವಾಡಿಯ ಬಾಗಿಲು ತೆರೆದ ಕೂಡಲೇ ಶುರುವಾಗುತ್ತಿತ್ತು ನೋಡಿ, ಆ ರಾಗ! ಹೊಸದಾಗಿ ಸೇರಿದ ಕೂಸುಗಳು ತಾಯಂದಿರ ಸೆರಗು ಬಿಡುತ್ತಿರಲಿಲ್ಲ. ಒಂದು ಮಗು "ಯಮ್ಮಾ" ಅಂತ ಬಾಯಿ ತೆರೆದರೆ ಸಾಕು, ಅಲ್ಲಿತನಕ ಸುಮ್ಮನೆ ಕೂತು ಮಣಿ ಪೋಣಿಸುತ್ತಿದ್ದ ಹಳೆಯ ಮಕ್ಕಳಿಗೂ ತಮಗೊಬ್ಬ ತಾಯಿ ಇರುವುದು ನೆನಪಾಗಿಬಿಡುತ್ತಿತ್ತು. ಆಮೇಲೆ ಎದುರುಮನೆಯವರು ಟಿವಿಯ ಸದ್ದು ಹೆಚ್ಚಿಸಿಕೊಳ್ಳಬೇಕಾಗುತ್ತಿತ್ತು.

ಅಲ್ಲಿಯ ಟೀಚರ್ ದಾಕ್ಷಾಯಣಿ ಗಟ್ಟಿಗಿತ್ತಿ. ಒಂದನ್ನು ಸೊಂಟಕ್ಕೆ ಏರಿಸಿ, ಇನ್ನೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂರನೆಯದಕ್ಕೆ ಕಾಗೆ ತೋರಿಸಿ ಹೇಗೋ ನಿಭಾಯಿಸುತ್ತಿದ್ದಳು. ಯಾವುದಕ್ಕೂ ಬಗ್ಗದ ಮಕ್ಕಳಿಗೆ ಆಕೆಯ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಅದು ಆಕೆಯ ಸ್ವಂತ ಮಗಳು ಚೈತ್ರಾ. "ಇಲ್ನೋಡ್ರಿ ಎಲ್ಲಾರೂ, ನಮ್ಮ ಚೈತ್ರಾ ಅಳ್ತಾಳೇನು?" ಅನ್ನುತ್ತಿದ್ದಳು. ಎರಡು ಜಡೆಯ ಆ ಹುಡುಗಿ ಎದ್ದು ನಿಂತು, ಇಲ್ಲವೆಂದು ತಲೆಯಾಡಿಸಿ, ಮತ್ತೆ ಕೂರುತ್ತಿತ್ತು.

ಊರವರು ಇದನ್ನು ಹುಟ್ಟುಗುಣ ಅಂದುಕೊಂಡಿದ್ದರು. ಹುಟ್ಟುಗುಣವಂತೆ, ಹುಟ್ಟುಗುಣ! ಸೇರಿದ ಹೊಸತರಲ್ಲಿ ಚೈತ್ರಾ ಕೂಡ ಎಲ್ಲ ಮಕ್ಕಳ ಹಾಗೆಯೇ ಇದ್ದಳು. ತಾಯಿ ಬೇರೆಯವರ ಕೂಸನ್ನು ಎತ್ತಿಕೊಂಡರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಪಾಪ ಅನ್ನಿಸಿ ಅವಳನ್ನು ಎತ್ತಿಕೊಂಡರೋ, ಉಳಿದ ಮಕ್ಕಳೆಲ್ಲ ತಮ್ಮ ತಾಯಂದಿರು ಬೇಕೆಂದು ಬಾಗಿಲ ಕಡೆ ಓಡುತ್ತಿದ್ದವು. ಬಾಗಿಲಲ್ಲಿ ನಿಂತ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬಳು ಎಲ್ಲರಿಗೂ ಕೇಳುವಂತೆಯೇ ಅಂದಳು.

"ಟೀಚರ್ ಮಗಳಾದ್ರ ಸೊಂಟದ ಮ್ಯಾಲ, ನಮ್ಮವಾದ್ರ ನೆಲದ ಮ್ಯಾಲ. ಹಾಲಿನ ಲೋಟದಾಗ ಕೆನೀನೂ ಆಕಿಗೇ ಹೋಗ್ತಿರಬೇಕು ಬಿಡು."

ಪುಡಿ ಕಲಸಿದ ಹಾಲಿಗೆ ಕೆನೆ ಎಲ್ಲಿಂದ ಬರಬೇಕು, ನೀವೇ ಹೇಳಿ! ಆದರೆ ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ದಾಕ್ಷಾಯಣಿ ಮಾನಕ್ಕೆ ಅಂಜುವ ಹೆಣ್ಣು. ಸಿರುಗುಪ್ಪ ಕಡೆಯ ರಾರಾವಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಇನ್ನೊಬ್ಬರಿಂದ ಒಂದು ಮಾತು ಅನ್ನಿಸಿಕೊಂಡವಳಲ್ಲ. ಅವತ್ತೇ ಮಗಳನ್ನು ಮುಂದೆ ಕೂರಿಸಿಕೊಂಡು ಬುದ್ಧಿ ಹೇಳಿದಳು.

"ಇಲ್ಲಿ ನೀ ಅಳಬಾರ್ದು. ನೀ ಅತ್ರ ಎಲ್ಲಾರೂ ಅಳ್ತಾರ. ಹಾಲಾಗ್ಲಿ, ಚಿಕ್ಕಿ ಆಗ್ಲಿ, ಎತ್ಕೊಳ್ಳೋದಾಗ್ಲಿ, ಎಲ್ಲಾರ್ದೂ ಆದ ಮ್ಯಾಲ ನಿಂದು. ತಿಳೀತಾ?"

ಮೂರು ವರ್ಷದ ಕೂಸು ತಲೆಯಾಡಿಸಿತು. ಹಾಲು, ಚಿಕ್ಕಿಗಳೇನೋ ಕೊನೆಗಾದರೂ ಬರುತ್ತಿದ್ದವು. ಎತ್ತಿಕೊಳ್ಳುವ ಸರದಿ ಮಾತ್ರ ಬರುತ್ತಿರಲಿಲ್ಲ. ಅಷ್ಟೊತ್ತಿಗೆ ಮಧ್ಯಾಹ್ನದ ಅನ್ನ ಬಡಿಸಬೇಕಾಗುತ್ತಿತ್ತು, ತೂಕ ನೋಡಬೇಕಾಗುತ್ತಿತ್ತು, ಬಸುರಿಯರ ಮನೆಗೆ ಹೋಗಿಬರಬೇಕಾಗುತ್ತಿತ್ತು.

ಚೈತ್ರಾ ಶಾಣ್ಯಾ ಹುಡುಗಿ, ಬೇಗ ಕಲಿತಳು. ಮರುವರ್ಷದ ಹೊತ್ತಿಗೆ ಅಳುವ ಮಕ್ಕಳ ಪಕ್ಕ ತಾನೇ ಹೋಗಿ ಕೂತು ಮೂಗು ಒರೆಸುತ್ತಿದ್ದಳು. ತಪಾಸಣೆಗೆ ಬಂದ ಮೇಡಂ ಬೆನ್ನು ತಟ್ಟಿ ಹೋದರು. ದಾಕ್ಷಾಯಣಿ ಅವತ್ತು ಮನೆಗೆ ಬಂದು ಮಗಳಿಗೆ ದೃಷ್ಟಿ ತೆಗೆದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈಕೆಗೆ ಹುಟ್ಟಿದ್ದು ಬಂಗಾರದಂಥ ಹುಡುಗಿ, ಮುದ್ದು ಮಾಡುವುದಕ್ಕೆ ಮಾತ್ರ ಪುರುಸೊತ್ತಿರಲಿಲ್ಲ.

ಅಂಗನವಾಡಿಯ ರೂಢಿ ಮನೆಗೂ ಬಂತು. ಚೈತ್ರಾ ಅಂಗಳದಲ್ಲಿ ಎಡವಿ ಬಿದ್ದು ಮೊಣಕಾಲು ತರಚಿಕೊಂಡರೆ, ತಾನೇ ಎದ್ದು ಲಂಗ ಝಾಡಿಸಿ "ಏನೂ ಆಗಿಲ್ಲ" ಅನ್ನುತ್ತಿದ್ದಳು. ದಾಕ್ಷಾಯಣಿಯ ಅತ್ತೆ ವಿರೂಪಮ್ಮ ಅದನ್ನು ನೋಡಿ ಲೊಚಗುಟ್ಟುತ್ತಿದ್ದಳು. "ಅತ್ತ ಕೂಸಿಗೆ ಹಾಲು ಅಂತಾರವ್ವ. ಈ ಹುಡುಗಿ ಅಳೋದೇ ಇಲ್ಲ, ಇದಕ್ಕ ಏನ್ ಬೇಕಂತ ಯಾರಿಗೆ ತಿಳೀಬೇಕು?" ದಾಕ್ಷಾಯಣಿ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು.

ಹೀಗೇ ವರ್ಷಗಳು ಕಳೆದು ಚೈತ್ರಾ ಒಂದನೇ ಕ್ಲಾಸಿಗೆ ಬಂದಳು. ಇನ್ನು ಅಂಗನವಾಡಿ ಇಲ್ಲ. ಬಸ್‌ಸ್ಟ್ಯಾಂಡಿನ ಆಚೆಯ ಸರ್ಕಾರಿ ಶಾಲೆ. ಮೇ ತಿಂಗಳ ರಜೆಗೆ ಅವಳನ್ನು ರಾರಾವಿಗೆ, ತವರಿಗೆ ಕಳಿಸಿದ್ದಾಯಿತು. ಒಂದು ಮುಂಜಾನೆ ದಾಕ್ಷಾಯಣಿ ಅಕ್ಕಿ ಆರಿಸುತ್ತ ಕೂತಾಗ ತಾಯಿಯ ಫೋನ್ ಬಂತು. ಮುದುಕಿ ನಗುನಗುತ್ತಲೇ ದೂರು ಹೇಳಿದಳು.

"ನಿನ್ನ ಮಗಳು ನಿನ್ನೆ ಏನ್ ರಂಪ ಮಾಡಿದ್ಲು ಅಂತೀ! ಹೊಳಿಗೆ ಕರ್ಕೊಂಡು ಹೋಗ್ಲಿಲ್ಲಂತ ಅಂಗಳದಾಗ ಬಿದ್ದು ಉರುಳಾಡಿ ಅತ್ಲು. ನಾ ಎತ್ಕೊಂಡ ಮ್ಯಾಲೇ ಸುಮ್ಮನಾದ್ಲು ನೋಡು."

"ಅತ್ಲಾ?" ದಾಕ್ಷಾಯಣಿಯ ಕೈ ಮೊರದಲ್ಲೇ ನಿಂತಿತು. "ಖರೇನೇ ಅತ್ಲಾ?"

"ಹ್ಞೂಂ ಮತ್ತ. ದಿನಾ ಒಂದಲ್ಲ ಒಂದಕ್ಕ ಅಳ್ತಾಳ. ಸಣ್ಣ ಹುಡುಗ್ರು ಅಳದೇ ಮುದುಕ್ರು ಅಳ್ತಾರೇನು?"

ಫೋನ್ ಇಟ್ಟ ಮೇಲೆ ಆಕೆಗೆ ಅಕ್ಕಿಯೂ ಕಾಣಲಿಲ್ಲ, ಕಲ್ಲೂ ಕಾಣಲಿಲ್ಲ. ಹೆತ್ತ ತಾಯಿಯ ಮೇಲೆಯೇ ಹೊಟ್ಟೆಕಿಚ್ಚಾಯಿತು. ಹಾಗಾದರೆ ಅಳು ಬತ್ತಿಲ್ಲ ಮಗಳಿಗೆ. ಅಜ್ಜಿಯ ಮುಂದೆ ಬರುತ್ತದೆ, ತನ್ನ ಮುಂದೆ ಬರುವುದಿಲ್ಲ. ಓಣಿಯ ಯಾವ ಕೂಸು ಎಷ್ಟು ತೂಕವಿದೆ ಅಂತ ತೋಳೇ ಹೇಳುತ್ತಿತ್ತು ಆಕೆಗೆ. ತನ್ನ ಮಗಳನ್ನು ಕಡೆಯ ಸಲ ಎತ್ತಿಕೊಂಡದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮೂರು ವರ್ಷ ಮುಂಜಾನೆಯಿಂದ ಸಂಜೆಯತನಕ ಕಣ್ಣೆದುರೇ ಇದ್ದಳು ಹುಡುಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇನ್ನು ಅದೂ ಇಲ್ಲ.

ಅವತ್ತಿನಿಂದ ದಾಕ್ಷಾಯಣಿಗೆ ಒಂದೇ ಆಸೆ ಹಿಡಿಯಿತು. ಶಾಲೆಯ ಮೊದಲ ದಿನ, ಎಲ್ಲ ಮಕ್ಕಳ ಹಾಗೆ, ಗೇಟಿನಲ್ಲಿ ಚೈತ್ರಾ ತನ್ನ ಸೆರಗು ಹಿಡಿದುಕೊಳ್ಳಬೇಕು. ಹೋಗಬೇಡಮ್ಮಾ ಅಂತ ಒಂದೇ ಒಂದು ಸಲ ಅಳಬೇಕು. ಆಮೇಲೆ ಬೇಕಾದರೆ ಜನ್ಮಪೂರ್ತಿ ನಗುತ್ತ ಇರಲಿ.

ಗಂಡ ತಿಪ್ಪೇಸ್ವಾಮಿ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಗಟು ಕಿರಾಣಿ ಅಂಗಡಿಗೆ ಕೆಲಸಕ್ಕೆಂದು ದಿನಾ ಬಸ್ಸಿನಲ್ಲಿ ಹೋಗಿಬರುವವನು. ಮಗಳಿಗೆಂದು ಹೊಸ ಬ್ಯಾಗು ತಂದ ಸಂಜೆ ಆಕೆ ಇದನ್ನು ಅವನ ಕಿವಿಗೆ ಹಾಕಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹುಚ್ಚಿ ಅದೀ ನೀನು! ಮಂದಿ ನಮ್ಮ ಕೂಸು ಅಳದಂಗಿರಲಿ ಅಂತ ಬಸವಣ್ಣಗ ಕಾಯಿ ಒಡಸ್ತಾರ. ನೀ ನೋಡಿದ್ರ ಅಳ್ಲಿ ಅಂತ ಹರಕಿ ಹೊರಾಕತ್ತೀ."

ಆಕೆಯೂ ನಕ್ಕಳು. ಆಸೆಯೇನೂ ಹೋಗಲಿಲ್ಲ. ಚೈತ್ರಾ ರಾರಾವಿಯಿಂದ ಬಂದ ದಿನ ದಾಕ್ಷಾಯಣಿ ಬಾಗಿಲಲ್ಲೇ ಎರಡೂ ಕೈ ಚಾಚಿ, "ಬಾ ನನ್ನವ್ವ, ಎತ್ಕೋತೀನಿ" ಅಂದಳು. ಹುಡುಗಿ ಅತ್ತಿತ್ತ ನೋಡಿ, "ಯಾಕ? ನಾ ದೊಡ್ಡಾಕಿ ಆಗೀನಿ" ಅಂದು ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಆಕೆ ಬಾಗಿಲ ಪರದೆ ಸರಿಮಾಡಿದಳು.

ಶಾಲೆ ಶುರುವಾಗುವ ಮುಂಜಾನೆ ದಾಕ್ಷಾಯಣಿ ಅಂಗನವಾಡಿಯ ಬೀಗದ ಕೈಯನ್ನು ಸಹಾಯಕಿ ಗುರುಬಸಮ್ಮನ ಕೈಯಲ್ಲಿಟ್ಟಳು. ಗುರುಬಸಮ್ಮನ ಮುಖ ಸಣ್ಣದಾಯಿತು.

"ಟೀಚರ್, ಹೊಸಾ ಹುಡುಗ್ರು ಇವತ್ತೇ ಬರ್ತಾವ್ರಿ. ನಾ ಒಬ್ಬಾಕಿ ಏನ್ ಮಾಡ್ಲಿ?"

"ಒಂದ್ ತಾಸು ಸಂಭಾಳಿಸ್ರಿ, ಗುರುಬಸಮ್ಮಾ. ಇವತ್ತ ನಾ ಟೀಚರ್ ಅಲ್ಲ."

ಶಾಲೆಯ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಬಾಳೆಕಂಬ, ರಂಗೋಲಿ, ಒಳಗಿನಿಂದ ಬೆಲ್ಲ ಕುದಿಯುವ ವಾಸನೆ. ಮಕ್ಕಳಿಗೆ ಅದರ ಪರಿವೆಯೇ ಇರಲಿಲ್ಲ. ದಾಕ್ಷಾಯಣಿಯೇ ಆಡಿಸಿ ಬೆಳೆಸಿದ ಮಕ್ಕಳು, ಅಂಗನವಾಡಿಯಲ್ಲಿ ಕಲಿತ ಧೈರ್ಯವನ್ನೆಲ್ಲ ಗೇಟಿನ ಹೊರಗೇ ಚೆಲ್ಲಿ ತಾಯಂದಿರ ಕಾಲಿಗೆ ಜೋತುಬಿದ್ದಿದ್ದವು. ಇನ್ನೇನು ತನ್ನ ಸೆರಗೂ ಜಗ್ಗುತ್ತದೆ, ಇನ್ನೇನು ಜಗ್ಗುತ್ತದೆ ಅಂತ ಆಕೆ ನಿಧಾನವಾಗಿ ಹೆಜ್ಜೆಯಿಟ್ಟಳು.

"ನಾ ಹೋಗ್ಲೇನು?" ಅಂತ ಗೇಟಿನಲ್ಲಿ ನಿಂತು ಕೇಳಿದಳು.

"ಹ್ಞೂಂ."

"ಖರೇನೇ ಹೋಗ್ತೀನಿ ನೋಡು."

"ಹೋಗಮ್ಮಾ," ಅಂದಳು ಚೈತ್ರಾ, ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತ. "ಅಲ್ಲಿ ನಿನ್ನ ಹುಡುಗ್ರು ಅಳ್ತಿರ್ತಾವ."

ಹೇಳಿದವಳೇ ಕೈ ಬಿಡಿಸಿಕೊಂಡು ಒಳಗೆ ಹೋದಳು. ತಿರುಗಿಯೂ ನೋಡಲಿಲ್ಲ. ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದ ಒಂದು ಹುಡುಗಿಯ ಪಕ್ಕ ಕೂತು, ತನ್ನ ಕರವಸ್ತ್ರದಿಂದ ಅದರ ಮೂಗು ಒರೆಸತೊಡಗಿದಳು. ಆಮೇಲೆ ಅದರ ಪಕ್ಕದ್ದು, ಆಮೇಲೆ ಇನ್ನೊಂದು. ಒಂದನೇ ಕ್ಲಾಸಿನ ಹೊಸ ಟೀಚರ್ ಅಕ್ಷತಾ ಮಕ್ಕಳನ್ನು ಎಣಿಸಿಕೊಳ್ಳುತ್ತ ಗೇಟಿನತನಕ ಬಂದಳು.

"ಆಕಿ ನಿಮ್ಮ ಮಗಳೇನ್ರೀ? ಎಂಥಾ ಶಾಣ್ಯಾಕಿ ಅದಾಳ್ರೀ! ನನ್ನ ಅರ್ಧ ಕೆಲಸ ಆಕೀನ ಮಾಡಾಕತ್ಯಾಳ. ಚೊಲೋ ಕಲಿಸೀರಿ."

ಕಲಿಸಿದ್ದೇನೋ ನಿಜ. ದಾಕ್ಷಾಯಣಿ ಸೆರಗು ಸರಿಮಾಡಿಕೊಂಡಳು. ಅಂಗನವಾಡಿಗೆ ಹೊತ್ತಾಗುತ್ತಿತ್ತು, ಗುರುಬಸಮ್ಮ ಬಾಯಿಬಾಯಿ ಬಡಿದುಕೊಳ್ಳುತ್ತಿರಬೇಕು. ಹೋಗಬೇಕೆಂದು ಎರಡು ಹೆಜ್ಜೆ ನಡೆದವಳು ಗೇಟಿನ ಕಂಬ ಹಿಡಿದು ನಿಂತುಬಿಟ್ಟಳು. ಉಳಿದ ತಾಯಂದಿರೆಲ್ಲ ಮಕ್ಕಳ ಹಿಡಿ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತಿದ್ದರು. ಈಕೆಗೆ ಬಿಡಿಸಿಕೊಳ್ಳಲು ಏನೂ ಇರಲಿಲ್ಲ. ಅಳು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ.

"ಅಯ್ಯ, ಏನ್ರೀ ಟೀಚರ್!" ಅಂತ ಪಕ್ಕದವಳು ಗಾಬರಿಯಾದಳು. "ಊರ ಹುಡುಗ್ರನ್ನ ಸುಮ್ಮನಿರಿಸೋರು ನೀವು, ನೀವೇ ಅತ್ರ ಹೆಂಗ್ರೀ?"

ಆ ದನಿಗೆ ವರಾಂಡದಲ್ಲಿದ್ದ ಚೈತ್ರಾ ತಲೆಯೆತ್ತಿದಳು. ಎದ್ದು ಬಂದಳು. ಅಳುವ ದೊಡ್ಡವರನ್ನು ಅವಳು ನೋಡಿದ್ದು ಕಡಿಮೆಯೇ ಇರಬೇಕು. ತನಗೆ ತಿಳಿದ ಕೆಲಸ ಮಾಡಿದಳು. ದಾಕ್ಷಾಯಣಿಯ ಕೈ ಜಗ್ಗಿ ಕೆಳಗೆ ಕೂರಿಸಿ, ಒದ್ದೆಯಾಗಿದ್ದ ಕರವಸ್ತ್ರದ ಒಣ ಮೂಲೆ ಹುಡುಕಿ, ತಾಯಿಯ ಕಣ್ಣು ಒರೆಸಿದಳು.

"ಅಳಬಾರ್ದು. ಇಲ್ನೋಡು, ನಾ ಅಳ್ತೀನೇನು?"

ದಾಕ್ಷಾಯಣಿ ಮಗಳ ಎರಡೂ ಭುಜ ಹಿಡಿದುಕೊಂಡಳು. "ನಿನಗ ಅಳು ಬರಂಗಿಲ್ಲೇನು, ಚೈತ್ರಾ?"

ಹುಡುಗಿ ವರಾಂಡದ ಕಡೆ ತಿರುಗಿ ನೋಡಿದಳು. ಅಲ್ಲಿ ಮಕ್ಕಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ತಾಯಿಯ ಕಿವಿಯ ಹತ್ತಿರ ಬಾಯಿ ತಂದು, ಯಾರಿಗೂ ಕೇಳದ ಹಾಗೆ ಹೇಳಿದಳು.

"ಬರ್ತೈತಿ. ಎಲ್ಲಾರ್ದೂ ಮುಗೀಲಿ. ಆಮ್ಯಾಲ ನಾ ಅಳ್ಲೇನು?"

ದಾಕ್ಷಾಯಣಿ ಬ್ಯಾಗಿನ ಸಮೇತ ಮಗಳನ್ನು ಬಾಚಿ ಎತ್ತಿಕೊಂಡಳು. "ಈಗಲೇ ಅಳು. ಮೊದಲ ನೀನೇ ಅಳು, ನನ್ನವ್ವ." ಚೈತ್ರಾ ಮೊದಲು ಸೆಟೆದುಕೊಂಡಳು, ಕೈ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ಆಮೇಲೆ ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಬಾಯಿ ತೆರೆದಳು ನೋಡಿ, ಬಸ್‌ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡಬೇಕು ಹಾಗೆ! ವರಾಂಡದ ಮಕ್ಕಳು ಒಂದು ಕ್ಷಣ ಕಣ್ಣರಳಿಸಿ ಕೂತವು. ಮರುಕ್ಷಣ ಸಾಲಿಗೆ ಸಾಲೇ ಶುರುವಾಯಿತು. ಅಕ್ಷತಾ ಟೀಚರ್ ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದಳು.

"ಅಯ್ಯಯ್ಯ, ಏನ್ ಮಾಡಿದ್ರಿ ಇದು! ಈಗಷ್ಟ ಸುಮ್ಮನಾಗಿದ್ವು. ಮೊದಲ ಆಕಿನ್ನ ಕೆಳಗ ಇಳಿಸ್ರಿ, ಪುಣ್ಯಾ ಬರ್ತೈತಿ."

"ಇಳಿಸಂಗಿಲ್ಲ," ಅಂದಳು ದಾಕ್ಷಾಯಣಿ.

ಎತ್ತಿಕೊಳ್ಳುವ ವಯಸ್ಸು ದಾಟಿತ್ತು ಮಗಳದು. ಸೊಂಟದ ಮೇಲೆ ನಿಲ್ಲದೆ ಜಾರುತ್ತಿದ್ದಳು, ಹೊಸ ಬೂಟುಗಳು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವು. ತೋಳು ಸೋತಾಗ ದಾಕ್ಷಾಯಣಿ ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡಳು, ಮತ್ತೆ ಅಲ್ಲಿಂದ ಇಲ್ಲಿಗೆ, ಹಾಗೇ ನಿಂತಿದ್ದಳು.