ತಣ್ಣಗಾಗುವ ಎರಡು ಗಂಟೆ

ಬಿಸಿ ಇಂಜಿನ್ನಿನ ಹೊಟ್ಟೆಯ ಮುಚ್ಚಳವನ್ನು ಫೋರ್‌ಮನ್ ಅದು ನಿಂತ ನಲವತ್ತನೇ ನಿಮಿಷಕ್ಕೇ ಫಿಟ್ಟರನಿಂದ ತೆಗೆಸಿದರು. ಒಳಗಿದ್ದ ಎಣ್ಣೆಯ ಆವಿಗೆ ಗಾಳಿ ತಾಗಿ ಬೆಂಕಿ ಹೊರಗೆ ನುಗ್ಗಿತು. ಫಿಟ್ಟರನ ಎರಡೂ ಕೈ ಮೊಣಕೈವರೆಗೆ ಸುಟ್ಟವು. ‘ಫಿಟ್ಟರ್ ಯಾರನ್ನೂ ಕೇಳದೆ ತಾನೇ ತೆಗೆದ’ ಎಂದು ಮೇಲಿನ ಆಫೀಸಿಗೆ ವರದಿ ಹೋಯಿತು.

ಫಿಟ್ಟರನ ತಂಗಿಯೂ ರೈಲು ಇಂಜಿನ್ ರಿಪೇರಿ ಮಾಡುವ ಅದೇ ಲೋಕೊ ಶೆಡ್ಡಿನಲ್ಲಿ ಫಿಟ್ಟರ್. ಕೆಲಸ ಇನ್ನೂ ಕಾಯಂ ಆಗಿಲ್ಲ, ತಿಂಗಳ ಕೊನೆಗೆ ಆಗಬೇಕು. ಮನೆಯಲ್ಲಿ ಈಗ ದುಡಿಯಬಲ್ಲ ಕೈ ಅವಳವು ಮಾತ್ರ.

ಆಸ್ಪತ್ರೆಯಲ್ಲಿ ಅಣ್ಣನಿಗೆ ಅವಳೇ ಚಹಾ ಕುಡಿಸುತ್ತಿದ್ದಳು.

“ನಿಧಾನ ಕಣೇ! ಡೀಸೆಲ್ ಟ್ಯಾಂಕಿಗೆ ಸುರಿದ ಹಾಗೆ ಸುರೀತೀಯಲ್ಲ.”

“ಸುಮ್ನೆ ಕುಡಿಯೋ. ಐದು ಸಾವಿರ ಲೀಟರ್ ಹಿಡಿಸೋ ಹೊಟ್ಟೆ ನಿಂದು.”

ಅವನು ನಕ್ಕ. ಆಮೇಲೆ ಕೇಳಿದ: “ಫೋರ್‌ಮನ್ನೇ ತೆಗೆಸಿದ್ದು ಅಂತ ಆಫೀಸಲ್ಲಿ ಹೇಳಿದ್ಯಾ?”

“ಹೇಳ್ದೆ. ‘ಒಡಹುಟ್ಟಿದವಳ ಮಮತೆ’ ಅಂತ ಬರ್ಕೊಂಡ್ರು.”

ಶೆಡ್ಡಿಗೆ ಸೇರಿದ ಹೊಸತರಲ್ಲಿ, ಡೀಸೆಲ್ಲೇ ಚಕ್ರವನ್ನು ತಿರುಗಿಸುತ್ತದೆಂದು ಅವಳು ನಂಬಿದ್ದಳು. ಅಣ್ಣ ಬಿದ್ದು ಬಿದ್ದು ನಕ್ಕಿದ್ದ. “ಅದು ಚಕ್ರದ ಮುಖಾನೂ ನೋಡಲ್ಲ ಕಣೇ.” ಡೀಸೆಲ್ ಸಿಲಿಂಡರಿನೊಳಗೆ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಆ ತಳ್ಳಾಟ ಜನರೇಟರನ್ನು ತಿರುಗಿಸುತ್ತದೆ. ಅಲ್ಲಿಂದ ತೋಳುದಪ್ಪದ ಕೇಬಲ್ಲುಗಳಲ್ಲಿ ಕರೆಂಟು ಹರಿದು, ಗಾಲಿಗಳ ನಡುವೆ ಅಡಗಿರುವ ಮೋಟಾರುಗಳನ್ನು ಮುಟ್ಟುತ್ತದೆ. ನಾಲ್ಕು ಸಾವಿರ ಟನ್ ಕಲ್ಲಿದ್ದಲು ಎಳೆಯುವ ಚಕ್ರಕ್ಕೆ, ತನಗಾಗಿ ಎಲ್ಲಿ ಏನು ಉರಿಯಿತೆಂಬುದೇ ತಿಳಿಯದು. ಮೇಲಿನ ಆಫೀಸೂ ಹಾಗೆಯೇ ಓಡುತ್ತಿತ್ತು.

ಆ ತಿಂಗಳ ಮೂರನೇ ವಾರದ ಒಂದು ಮಧ್ಯಾಹ್ನ ಅದೇ ಇಂಜಿನ್, ಗೂಡ್ಸಿಗೆ ಜೋಡಿಸಲೆಂದು ಹೊರಡಿಸುವಷ್ಟರಲ್ಲಿ, ಒಳಗಿನ ಒತ್ತಡ ಏರಿ ಶೆಡ್ಡಿನ ಬಾಗಿಲಲ್ಲೇ ತಾನಾಗಿ ನಿಂತುಬಿಟ್ಟಿತು. ಹೀಗೆ ನಿಂತ ಹೊತ್ತನ್ನು ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಶೆಡ್ಡಿನವರ ರೂಢಿ. ಅಲ್ಲಿಂದ ಎರಡು ಗಂಟೆ ಯಾರೂ ಸ್ಪ್ಯಾನರ್ ಹಚ್ಚಬಾರದು. ಅವಳು ೨.೧೦ ಎಂದು ಬರೆದು, ಅಲ್ಲೇ ಮೇಲೆ, ಇಂಜಿನ್ನಿನ ಪಕ್ಕದ ಇಕ್ಕಟ್ಟು ಹಾದಿಯಲ್ಲಿ ಕುಳಿತಳು.

ಸದ್ದು ಸತ್ತಿತ್ತು, ಕಾವು ಸತ್ತಿರಲಿಲ್ಲ. ಕಬ್ಬಿಣ ಕುಗ್ಗುತ್ತಾ ಟಿಕ್, ಟಿಕ್ ಎನ್ನುತ್ತಿತ್ತು. ಕಿಂಡಿಗಳಿಂದ ಬಿದ್ದ ಬಿಸಿಲು ಎಣ್ಣೆಯ ಹೊಗೆಯಲ್ಲಿ ತೇಲುತ್ತಿತ್ತು. ಹದಿನಾರು ಸಿಲಿಂಡರುಗಳು ಒಂದೇ ಚಾಪೆಯ ಮೇಲೆ ಸಾಲಾಗಿ ಮಲಗಿದವರಂತೆ ಉಸಿರಾಡುತ್ತಿವೆ ಎನ್ನಿಸಿತು. ಅವುಗಳ ನಡುವೆ ಅಣ್ಣ ಹೆಜ್ಜೆಯ ಸಪ್ಪಳವಿಲ್ಲದೆ ಬರುತ್ತಿದ್ದ. ಸುಟ್ಟಿರದ ಅಂಗೈಯನ್ನು ಒಂದೊಂದರ ಹಣೆಯ ಮೇಲೂ ಇಟ್ಟು, ಜ್ವರ ಇಳಿಯಿತೇ ಎಂದು ನೋಡುತ್ತಿದ್ದ. ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಾ ಮುಂದಕ್ಕೆ ಹೋಗುತ್ತಿದ್ದ. ಹಾದಿ ಮುಗಿಯುತ್ತಲೇ ಇರಲಿಲ್ಲ.

“ಏನಮ್ಮಾ, ಕನಸು ಕಾಣೋಕೆ ಸಂಬಳ ಕೊಡ್ತಾರಾ?”

ಫೋರ್‌ಮನ್ ಕೆಳಗೆ ನಿಂತಿದ್ದರು. ಅವಳು ಗಡಿಯಾರ ನೋಡಿದಳು. “ಮೂವತ್ತೈದು ನಿಮಿಷ ಆಗಿದೆ ಸಾರ್.”

“ಸಾಕು, ತೆಗಿ. ಇದರ ಬೆಲೆ ಗೊತ್ತಾ ನಿಂಗೆ? ಹದಿನೈದು ಕೋಟಿ! ಇದು ಹೀಗೆ ಕಾಲು ಚಾಚಿ ನಿಂತ್ರೆ ಮೇಲಿನವರು ನನ್ನ ಚರ್ಮ ಸುಲೀತಾರೆ.”

“ನಿಮ್ಮದು ಮಾತಲ್ಲಿ ಸುಲೀತಾರೆ ಸಾರ್. ನಮ್ಮಣ್ಣಂದು ನಿಜವಾಗ್ಲೂ ಸುಲಿದುಹೋಗಿದೆ.”

“ನಾಲಿಗೆ ಉದ್ದ ಆಯ್ತು. ತಿಂಗಳ ಕೊನೆ ನೆನಪಿದೆ ತಾನೇ?”

“ಇದೆ ಸಾರ್. ಅವನಿಗೆ ತೆಗಿ ಅಂದಿದ್ದನ್ನ ಬರೆದು ಕೊಡಲಿಲ್ಲ. ನನಗಾದ್ರೂ ಬರೆದು ಕೊಡ್ತೀರಾ?”

ಫೋರ್‌ಮನ್ನರ ಕೈ ಜೇಬಿನ ಪೆನ್ನಿನವರೆಗೆ ಹೋಗಿ ಇಳಿಯಿತು. ಅವರು ಮೇಲೆ ಹತ್ತಿ ಬಂದು, ಮುಚ್ಚಳದ ಮೇಲಿನ ಅಂಕಿಯನ್ನು ಚಿಂದಿಯಿಂದ ಒರೆಸಿಹಾಕಿದರು.

“ಈಗ ಹೊತ್ತೂ ಇಲ್ಲ, ಗಿತ್ತೂ ಇಲ್ಲ. ಹಿಡಿ ಸ್ಪ್ಯಾನರ್.”

ಅವಳು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು.

“ಹಿಡಿಯಲ್ಲ ಸಾರ್.”