ಕರಿಕೆ ಮತ್ತು ಮಜ್ಜಿಗೆ

2025ರ ಮಾರ್ಚ್ 17, ಸೋಮವಾರ, ಬೆಳಿಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ ಬೇಡಕಿಹಾಳದ ನಮ್ಮ ಮನೆಯ ಅಂಗಳದಲ್ಲಿ ಹುಲ್ಲಿಗೆ ಮೊದಲ ಸಲ ನೀರು ಚಿಮ್ಮಿತು. ಅರ್ಧ ನೀರು ಹುಲ್ಲಿನ ಮೇಲೆ ಬಿತ್ತು. ಇನ್ನರ್ಧ ಗೇಟಿನ ಬಳಿ ನಿಂತಿದ್ದ ನನ್ನ ಮಾವ ಭಾವುಸಾಹೇಬರ ಗಾಂಧಿ ಟೋಪಿಯ ಮೇಲೆ ಬಿತ್ತು.

"ನಂದು ಸ್ನಾನಾ ಆಗಿತ್ತಲ್ಲೋ," ಎಂದರು ಮಾವ.

ನನ್ನ ಗಂಡ ಸುಜಯ ಅದನ್ನು ಮೆಚ್ಚುಗೆಯೆಂದೇ ತಿಳಿದ.

ಮನೆಯ ಮುಂದಿನ ಕೋಣೆಯೇ ಅವನ ಗೊಬ್ಬರದ ಅಂಗಡಿ. ಗಿರಾಕಿಗಳೂ ನೆಂಟರೂ ಒಂದೇ ಗೇಟಿನಿಂದ ಬಂದು, ಒಂದೇ ಅಂಗಳ ದಾಟಿ, ಒಂದೇ ಕಟ್ಟೆ ಹತ್ತಬೇಕು. ಆ ಅಂಗಳದಲ್ಲಿ ಮೊದಲು ಟ್ರ್ಯಾಕ್ಟರ್ ನಿಲ್ಲುತ್ತಿತ್ತು, ಸುಗ್ಗಿಯಲ್ಲಿ ತಂಬಾಕು ಒಣಗುತ್ತಿತ್ತು. ಒಂದು ದಿನ ಸುಜಯ ನಿಪ್ಪಾಣಿ ಹೈವೇಯ ಹೋಟೆಲೊಂದರಲ್ಲಿ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಊಟ ಮಾಡಿ ಬಂದ. ಏನು ತಿಂದೆ ಎಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ. "ಗಿರಾಕಿ ಮೊದಲ ಅಂಗಳಾ ನೋಡ್ತಾನ, ಆಮ್ಯಾಲ ಮಾಲು," ಎಂದ. ಮರುವಾರವೇ ಚಿಕ್ಕೋಡಿಯಿಂದ ದುಂಡೇಶ ಎಂಬ ಗುತ್ತಿಗೆದಾರ ಟೇಪು ಹಿಡಿದು ಬಂದ. ಹೋದ ವರ್ಷದವರೆಗೂ ಅವನು ಮದುವೆಗಳಿಗೆ ಪೆಂಡಾಲು ಹಾಕುತ್ತಿದ್ದ. ಅದೇ ಕೈಚಳಕದಲ್ಲಿ ಹುಲ್ಲನ್ನೂ ಜಮಖಾನೆಯಂತೆ ಸುತ್ತಿ ತಂದು ಹಾಸಿದ.

ನಾನು ಐಗಳಿಯವಳು, ಅಥಣಿಯಲ್ಲಿ ಸಸ್ಯಶಾಸ್ತ್ರ ಓದಿದವಳು. ದುಂಡೇಶ 'ಬರ್ಮುಡಾ' ಎಂದು ಕರೆದ ಆ ಹುಲ್ಲಿನ ಒಂದು ಕಡ್ಡಿ ಕಿತ್ತು, ಗೆಣ್ಣು ಎಣಿಸಿ, ತೆನೆ ಬಿಡಿಸಿ ನೋಡಿದೆ.

"ಇದು ಕರಿಕಿ," ಎಂದೆ.

"ಬ್ಯಾರೆ ಜಾತಿ ಇದು," ಎಂದ ಸುಜಯ.

"ಜಾತಿ ಅದನ. ಪಟ್ಟಣಕ್ಕ ಹೋಗಿ ಬಂದೈತಿ, ಅಷ್ಟ."

ಅವನ ಅಂಗಡಿಯ ಎರಡನೆಯ ಕಪಾಟಿನಲ್ಲಿ ಕರಿಕೆ, ಎಂದರೆ ಹೊಲದ ಕಳೆಯಾದ ಇದೇ ಗರಿಕೆ, ಕೊಲ್ಲುವ ಔಷಧವಿದೆ. ಕಬ್ಬಿನವರು ಅದಕ್ಕಾಗಿಯೇ ಬರುತ್ತಾರೆ. ಅಹಿಂಸೆಯ ಜೈನ ಮನೆತನ ಇಂಥ ವ್ಯಾಪಾರ ಮಾಡಬಹುದೇ ಎಂಬ ಚರ್ಚೆ ನಮ್ಮಲ್ಲಿ ನಡೆಯುವುದಿಲ್ಲ. ಅದು ಊಟದ ಹೊತ್ತಿಗೆ ತಕ್ಕ ವಿಷಯವಲ್ಲ. ಗಿರಾಕಿ ಮುರಗೆಪ್ಪ ಮಾತ್ರ ಆ ಔಷಧದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳವನ್ನು ಬಹಳ ಹೊತ್ತು ನೋಡಿದ.

"ಸಾವಕಾರ್ರ, ಇದನ್ನ ರೊಕ್ಕಾ ಕೊಟ್ಟ ತಂದೀರಿ?"

"ಹೌದು."

"ನನಗೊಂದ ಮಾತ ಹೇಳಿದ್ರ ಪುಕ್ಕಟೆ ಕೊಡ್ತಿದ್ನಲ್ರಿ. ಎರಡ ಎಕರೆ ಐತಿ."

ಕಟ್ಟೆಗೆ ಬರಲು ದುಂಡೇಶ ಹುಲ್ಲಿನ ನಡುವೆ ದುಂಡನೆಯ ಕಲ್ಲುಗಳನ್ನು ಹಾವಿನಂತೆ ಡೊಂಕಾಗಿ ಹೂತಿದ್ದ. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವೆ ಸುಜಯನ ಹೆಜ್ಜೆಯ ಅಳತೆಯಷ್ಟು ಹುಲ್ಲು. ಸುಜಯ ಆರಡಿಯ ಆಳು. ಯೂರಿಯಾ ಚೀಲ ಹೊತ್ತ ರೈತ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಡೊಂಕು ದಾರಿಯಲ್ಲಿ ಹೋಗುವುದಿಲ್ಲ. ಎಲ್ಲರೂ ಗೇಟಿನಿಂದ ಕಟ್ಟೆಗೆ ನೇರವಾಗಿ ನಡೆದರು. 'ಹುಲ್ಲಿನ ಮೇಲೆ ಕಾಲಿಡಬಾರದು' ಎಂಬ ಫಲಕಕ್ಕೆ ಚೀಲ ಒರಗಿಸಿ ದಣಿವಾರಿಸಿಕೊಂಡರು. ಏಪ್ರಿಲ್ ಮುಗಿಯುವ ಹೊತ್ತಿಗೆ ಹಸಿರಿನ ನಡುವೆ ಮಣ್ಣಿನ ಒಂದು ಗೆರೆ ಕಾಣತೊಡಗಿತು. ನಾನು ಸ್ಕೇಲು ಹಿಡಿದು ಅಳೆದೆ: ಹದಿನೆಂಟು ಸೆಂಟಿಮೀಟರ್. ಸುಜಯ ಅದನ್ನು ಗಾಯ ಎಂದ. ತೇಪೆ ಹಾಕಲು ದುಂಡೇಶನಿಗೆ ಫೋನು ಮಾಡಿದ.

ಅಷ್ಟರಲ್ಲಿ ಸುದ್ದಿ ಬಂತು. ಊರಿಂದೂರಿಗೆ ನಡೆಯುತ್ತ ವಿಹಾರದಲ್ಲಿರುವ ಮುನಿ ಮಹಾರಾಜರೊಬ್ಬರು ಮೇ ತಿಂಗಳ ಕೊನೆಗೆ ನಮ್ಮೂರ ಬಸದಿಯಲ್ಲಿ ಎರಡು ದಿನ ತಂಗುತ್ತಾರೆ.

ಮಹಾರಾಜರು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುವವರು. ಬೆಳಿಗ್ಗೆ ಮನಸ್ಸಿನಲ್ಲಿ ಯಾರಿಗೂ ಹೇಳದ ಒಂದು ನೇಮ ಹಿಡಿದು ಹೊರಡುತ್ತಾರೆ. ಶ್ರಾವಕರು ಮಡಿಯುಟ್ಟು, ಕಳಶ ಹಿಡಿದು ತಮ್ಮ ತಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಆ ನೇಮ ಎಲ್ಲಿ ಕೂಡಿ ಬರುತ್ತದೋ ಅಲ್ಲಿ ಅವರು ನಿಲ್ಲುತ್ತಾರೆ. ನನ್ನ ಅತ್ತೆ ಸೋನಾಬಾಯಿ ಮದುವೆಯಾಗಿ ಬಂದಾಗಿನಿಂದ ಹೀಗೆ ನಿಲ್ಲುತ್ತಿದ್ದಾರೆ. ಬಂದ ಮಹಾರಾಜರು ಆಚೆ ಮನೆಯಲ್ಲಿ ನಿಂತಿದ್ದಾರೆ, ಈಚೆ ಮನೆಯಲ್ಲಿ ನಿಂತಿದ್ದಾರೆ. ನಮ್ಮ ಬಾಗಿಲಲ್ಲಿ ಇದುವರೆಗೆ ಯಾರೂ ನಿಂತಿಲ್ಲ. ಅತ್ತೆಗೆ ಬೇರೆ ಆಸೆಗಳಿಲ್ಲ ಎಂದಲ್ಲ. ಇದೊಂದನ್ನು ಮಾತ್ರ ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಸುದ್ದಿ ಕೇಳಿದ ಕೂಡಲೇ ಅತ್ತೆ ಕಟ್ಟೆಗೆ ಬಂದು ಅಂಗಳ ನೋಡಿದರು.

"ಸುಜಯ, ಹಸರ ಹುಲ್ಲಿನ ಮ್ಯಾಲ ಮಹಾರಾಜರು ಕಾಲಿಡೂದಿಲ್ಲ. ಜೀವ ಇರತಾವ."

"ಮ್ಯಾಲೆ ಜಮಖಾನಿ ಹಾಸೂಣು."

"ಜಮಖಾನಿ ಕೆಳಗ ಜೀವ ನಿದ್ದಿ ಮಾಡತಾವೇನ?"

"ಹಿತ್ತಲ ಬಾಗಲದಿಂದ ಕರಕೊಂಡ ಬರೂಣು."

"ಎಮ್ಮಿ ಗಂಜಲದಾಗ?" ಎಂದರು ಒಳಗಿನಿಂದ ಮಾವ.

"ಹಂಗಾರ ಕಿತ್ತ ಒಗೀತೀನಿ ತಗೋ," ಎಂದ ಸುಜಯ.

"ಅವರ ಸಲುವಾಗಿ ಕಿತ್ತರ ಆ ಆಹಾರ ಅವರಿಗೆ ನಡೆಯೂದಿಲ್ಲ. ಅವರಿಗಂತ ಏನೂ ಮಾಡಿರಬಾರದು. ಇದ್ದದ್ದ ಇರಬೇಕು," ಎಂದರು ಅತ್ತೆ.

ಸುಜಯನಿಗೆ ಉಸಿರು ಬಂತು. ಧರ್ಮವೇ ಹುಲ್ಲಿನ ಪರ ನಿಂತಂತಾಯಿತು. ಆದರೆ ಅತ್ತೆಯ ಕಣ್ಣು ಆ ಮಣ್ಣಿನ ಗೆರೆಯ ಮೇಲೆ ಇತ್ತು. ಅದನ್ನು ಯಾರೂ ಮಹಾರಾಜರಿಗಾಗಿ ಮಾಡಿರಲಿಲ್ಲ. ಮೇಲಾಗಿ, ಮಾಡಬಾರದೆಂದು ಫಲಕ ಹಾಕಿದ್ದರೂ ಆಗಿತ್ತು. ಅದಕ್ಕಿಂತ ನಿಷ್ಕಾಮವಾದ ದಾರಿ ಬೇಡಕಿಹಾಳದಲ್ಲಿ ಇನ್ನೊಂದಿರಲಿಲ್ಲ. ಕುಂದು ಒಂದೇ: ಅಗಲ ಸಾಲದು.

ಮರುದಿನ ಕಟ್ಟೆಯ ಮೇಲೆ ಒಂದು ಮಣ್ಣಿನ ಹರವಿ ಬಂತು. ಅದರ ತುಂಬ ಜೀರಿಗೆ, ಕೊತ್ತಂಬರಿ ಹಾಕಿದ ಮಜ್ಜಿಗೆ.

"ಬಿಸಲಾಗ ಬರ್ತೀರಿ. ಮ್ಯಾಲೆ ಬಂದ ಕುಡದ ಹೋಗ್ರಿ," ಎಂದು ಅತ್ತೆ ಮುರಗೆಪ್ಪನನ್ನು ಕರೆದರು. ಮುರಗೆಪ್ಪ ನಾಲ್ಕು ಮಂದಿಗೆ ಹೇಳಿದ. ಆ ನಾಲ್ವರು ಬಸ್ ಸ್ಟ್ಯಾಂಡಿಗೇ ಹೇಳಿದರು. ಗೊಬ್ಬರ ಬೇಡದವರೂ ಗೊಬ್ಬರದ ದರ ಕೇಳಲು ಬರತೊಡಗಿದರು.

ನಾನು ಅಡಿಗೆಮನೆಯಲ್ಲಿ ಕೇಳಿದೆ: "ಅತ್ತಿ, ಇದು ಮಹಾರಾಜರ ಸಲುವಾಗಿ ಮಾಡಿದಂಗ ಆಗೂದಿಲ್ಲೇನ್ರಿ?"

"ಮಜ್ಜಿಗಿ ರೈತರಿಗೆ."

"ದಾರಿ?"

"ನಾ ಯಾರಿಗಾರ ಹುಲ್ಲ ತುಳೀರಿ ಅಂದೇನೇನ?"

ಬಾಗಿಲಲ್ಲಿ ನಿಂತಿದ್ದ ಮಾವ, "ಇದನ್ನ ಎಲ್ಲಾ ಬಲ್ಲ ಕೇವಲಿ ಭಗವಾನರ ಬಿಡಿಸಬೇಕು, ನಮ್ಮ ಕೈಲೆ ಆಗೂದಿಲ್ಲ," ಎಂದು ತಾವೂ ಒಂದು ಲೋಟ ಬಗ್ಗಿಸಿಕೊಂಡರು.

ಸುಜಯ ಗೇಟಿನ ಬಳಿ ದಾರಿಗೆ ಅಡ್ಡ ಹಗ್ಗ ಕಟ್ಟಿದ. ರೈತರು ಹಗ್ಗ ಎತ್ತಿ ತಲೆ ತಗ್ಗಿಸಿ ಬಂದರು, ಹೋಗುವಾಗ ಅದಕ್ಕೆ ಟವೆಲು ಹಾಕಿದರು. ಹರವಿಯನ್ನು ಗೇಟಿನ ಹೊರಗಿಟ್ಟ. ಅತ್ತೆ, "ಧೂಳ ಬೀಳ್ತೈತಿ," ಎಂದು ಮರಳಿ ತಂದರು. ದುಂಡೇಶ ಹೊಸ ಹುಲ್ಲಿನ ಸುರುಳಿಗಳೊಂದಿಗೆ ಬಂದಾಗ ದಾರಿಯಲ್ಲಿ ಸಾಲು ನಿಂತಿತ್ತು. ಅವನಿಗೂ ಅತ್ತೆ ಒಂದು ಲೋಟ ಕೊಟ್ಟರು. ಅವನು ಮೀಸೆ ಒರೆಸಿಕೊಂಡು ಸುಜಯನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಮಂದಿ ತುಳಿಯೂ ಮಟಾ ಬೇರು ಹಿಡಿಯೂದಿಲ್ಲ. ಮಜ್ಜಿಗಿ ಬಂದ್ ಮಾಡಸ್ರಿ."

"ಅದೊಂದ ಹೇಳಬ್ಯಾಡ ಮಾರಾಯ. ಬ್ಯಾರೆ ಏನರ ಹೇಳು."

"ಹಂಗಾರ ಇನ್ನೊಂದ ಲೋಟ ಹೇಳ್ರಿ."

ನಿಜವಾದ ಕಷ್ಟವೆಂದರೆ ಅಂಗಡಿಯ ವ್ಯಾಪಾರ ಏರಿತ್ತು. ಗಿರಾಕಿ ಮೊದಲು ಅಂಗಳ ನೋಡುತ್ತಾನೆಂಬ ಸಿದ್ಧಾಂತಕ್ಕೆ ವಿರುದ್ಧವಾದ ಪುರಾವೆ ದಿನವೂ ಕಟ್ಟೆಯ ಮೇಲೆ ಕೂತು ತೇಗುತ್ತಿತ್ತು.

ಮಹಾರಾಜರು ಬಂದರು. ಮೊದಲ ಬೆಳಿಗ್ಗೆ ಅತ್ತೆ ನಸುಕಿನಲ್ಲೇ ಬಾವಿಯ ನೀರು ಸೇದಿ, ಸೋಸಿ, ಹಿಟ್ಟು ಬೀಸಿ, ಅಡಿಗೆ ಮುಗಿಸಿ, ಒಗೆದ ಬಿಳಿ ಸೀರೆಯುಟ್ಟು ಕಟ್ಟೆಯ ಮೇಲೆ ನಿಂತರು. ಒಂಬತ್ತಕ್ಕೆ ಸರಿಯಾಗಿ, ದುಂಡೇಶ ಕೂಡಿಸಿದ್ದ ಟೈಮರು ಮೋಟರು ಚಾಲೂ ಮಾಡಿತು. ನೀರು ನಾಲ್ಕೂ ಕಡೆ ಚಿಮ್ಮಿತು. ಮಣ್ಣಿನ ದಾರಿ ಕೆಸರಾಯಿತು.

"ಬಂದ್ ಮಾಡಂತ ಹೇಳ್ಲ್ಯಾ?" ಎಂದೆ.

"ಬ್ಯಾಡ. ಹೇಳಿ ಮಾಡಿಸಿದ್ರ ಅವರ ಸಲುವಾಗಿ ಆಕ್ಕೇತಿ. ಸುಮ್ನಿರು."

ಸುಜಯ ಅಂಗಡಿಯ ಒಳಗೆ ಚೀಲ ಎಣಿಸುತ್ತಿದ್ದ. ಮಹಾರಾಜರು ಕೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ಗೇಟಿನವರೆಗೆ ಬಂದರು. ಅತ್ತೆಯ "ನಮೋಸ್ತು" ಕೇಳಿ ನಿಂತರು. ತೊಟ್ಟಿಕ್ಕುವ ಕರಿಕೆಯನ್ನೂ ಕೆಸರನ್ನೂ ನೋಡಿದರು. ಮುಂದೆ ಹೋದರು.

ಅತ್ತೆ ಕಳಶದ ಮೇಲಿನ ತೆಂಗಿನಕಾಯಿ ಇಳಿಸಿದರು. ಸಂಜೆ ಮಜ್ಜಿಗೆಯ ಹರವಿ ತೊಳೆದು ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿದರು. ಅಂಗಡಿ ಮುಚ್ಚಿ ಬಂದ ಸುಜಯ ಆ ಬೋರಲು ಹರವಿಯ ಮುಂದೆ ನಿಂತ. ಎಷ್ಟು ದಿನದಿಂದ ಅದು ಹೋಗಲಿ ಎಂದು ಕಾದಿದ್ದನೋ ಅದು ಹೋಗಿತ್ತು.

"ಅವ್ವಾ, ನಾಳೆ ಮಜ್ಜಿಗಿ ಇಲ್ಲೇನ?"

"ಮಾಡೂಣಂತ," ಎಂದರು ಅತ್ತೆ ಒಳಗಿನಿಂದ. ಅದು ಮಾಡುವವರ ದನಿಯಾಗಿರಲಿಲ್ಲ.

ಮರುದಿನ ಎರಡನೆಯ ಮತ್ತು ಕೊನೆಯ ಬೆಳಿಗ್ಗೆ. ಅತ್ತೆ ಮತ್ತೆ ಎಲ್ಲವನ್ನೂ ಮಾಡಿ ನಿಂತರು. ನಾವಿಬ್ಬರೂ ಹುಲ್ಲಿನಲ್ಲಿ ತಲೆ ಎತ್ತಿದ್ದ ನೀರಿನ ನಳಿಗೆಗಳನ್ನೇ ನೋಡುತ್ತಿದ್ದೆವು. ಒಂಬತ್ತಾಯಿತು. ಒಂಬತ್ತೂಕಾಲಾಯಿತು. ನೀರು ಬರಲಿಲ್ಲ. ಬಿಸಿಲಿಗೆ ದಾರಿ ಬೆಳ್ಳಗೆ ಒಣಗಿ ಗಟ್ಟಿಯಾಯಿತು. ಸುಜಯ ತಲೆಸ್ನಾನ ಮಾಡಿ, ಬಿಳಿ ಧೋತರ ಉಟ್ಟು ಅತ್ತೆಯ ಪಕ್ಕದಲ್ಲಿ ಬಂದು ನಿಂತ.

"ನೀರ ಬರಲಿಲ್ಲಲ್ಲೋ," ಎಂದರು ಅತ್ತೆ ಮುಂದೆ ನೋಡುತ್ತಲೇ.

"ಮೋಟರ ಸುಟ್ಟೈತಿ."

"ಪಾಪ," ಎಂದರು ಅತ್ತೆ.

ಮಹಾರಾಜರು ಬಂದರು. ಗೇಟಿನಲ್ಲಿ ನಿಂತು ನೆಲ ನೋಡಿದರು. ಎಡಕ್ಕೆ ಹಸಿರು, ಬಲಕ್ಕೆ ಹಸಿರು, ನಡುವೆ ಯೂರಿಯಾ ಹೊತ್ತವರ ದಾರಿ. ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು, ನಿಧಾನವಾಗಿ, ಒಂದು ಎಸಳನ್ನೂ ಮುಟ್ಟದೆ ಕಟ್ಟೆಯವರೆಗೆ ನಡೆದು ಬಂದು ನಿಂತರು. ಅವರ ನೇಮವೇನಿತ್ತೋ ನನಗೆ ಗೊತ್ತಿಲ್ಲ. "ಅತ್ರ ತಿಷ್ಠ, ತಿಷ್ಠ," ಇಲ್ಲಿ ನಿಲ್ಲಿ, ನಿಲ್ಲಿ ಎಂದು ಅತ್ತೆ ಹೇಳುತ್ತಲೇ ಇದ್ದರು, ಮಹಾರಾಜರು ನಿಂತ ಮೇಲೂ.

ಆಹಾರಕ್ಕೆ ಮುಂಚೆ ಮನೆಯವರೆಲ್ಲ ಅವರೆದುರು ತಮ್ಮ ಶುದ್ಧಿ ಹೇಳಬೇಕು. "ಮನಶುದ್ಧಿ," ಎಂದ ಸುಜಯ ಎಲ್ಲರ ಜೊತೆ. "ವಚನಶುದ್ಧಿ" ಬಂದಾಗ ಅವನ ದನಿ ಕೇಳಲಿಲ್ಲ. ಬರೀ ತುಟಿ ಅಲ್ಲಾಡಿತು. "ಕಾಯಶುದ್ಧಿ"ಗೆ ಮತ್ತೆ ಜೋರಾಗಿ ಕೂಡಿಕೊಂಡ. ಅತ್ತೆ ಅವನ ಕಡೆ ತಿರುಗಲಿಲ್ಲ. ನಿಂತು ಕೈಬೊಗಸೆ ಒಡ್ಡಿದ ಮಹಾರಾಜರಿಗೆ ಮೊದಲ ತುತ್ತು ನೀಡಿದರು.

ಮಹಾರಾಜರು ಅದೇ ದಾರಿಯಲ್ಲಿ ಮರಳಿ ಹೋದರು. ಮಧ್ಯಾಹ್ನ ತೆಂಗಿನಕಾಯಿ ಬುಟ್ಟಿ ಎತ್ತಿಡುವಾಗ ಅದರ ತಳದಲ್ಲಿ ನನಗೆ ಮೋಟರಿನ ಫ್ಯೂಜು ಸಿಕ್ಕಿತು. ಒರೆಸಿ ಸುಜಯನ ಕೈಗೆ ಕೊಟ್ಟೆ.

"ಸುಟ್ಟ ಮೋಟರ ರಿಪೇರಿ ಆತೇನ?"

"ನಾಳೆ ಆಕ್ಕೇತಿ. ಅವ್ವಗ ಹೇಳಬ್ಯಾಡ."

"ಆಕಿಗೆ ಗೊತ್ತೈತಿ."

"ಗೊತ್ತಿರ್ಲಿ. ಹೇಳಬ್ಯಾಡ."

ಹೊರಗೆ ಮುರಗೆಪ್ಪ ಬಂದು ಬೋರಲು ಹಾಕಿದ್ದ ಹರವಿಯನ್ನು ಎತ್ತಿ ಒಳಗೆ ನೋಡುತ್ತಿದ್ದ. ಅತ್ತೆ ಒಳಗಿನಿಂದಲೇ, "ತಡೀಪಾ, ಈಗ ಕಡ್ಯಾಕತ್ತೀನಿ," ಎಂದರು. ಸುಜಯ ಗೇಟಿನವರೆಗೆ ಹೋಗಿ, ಟವೆಲುಗಳ ಭಾರಕ್ಕೆ ಎಂದೋ ನೆಲಕ್ಕಿಳಿದಿದ್ದ ಹಗ್ಗ ಬಿಚ್ಚಿದ, ಫಲಕ ಕಿತ್ತು ಗೇಟಿನ ಹೊರಗೆ ನಿಂತಿದ್ದ ಟ್ರ್ಯಾಕ್ಟರಿಗೆ ಒರಗಿಸಿದ. ಆಮೇಲೆ ನನ್ನ ಸ್ಕೇಲು ಕೇಳಿದ. ದಾರಿಗೆ ಅಡ್ಡ ಕೂತು ಮೂರು ಕಡೆ ಅಳೆದ, ಇಕ್ಕಟ್ಟಾದ ಕಡೆ ಎರಡು ಸಲ. ಅಲ್ಲಿ ಅಗಲ ನಲವತ್ತಮೂರು ಸೆಂಟಿಮೀಟರ್ ಇತ್ತು.